ಗುಲಾಬಿ ಈರುಳ್ಳಿಗೆ ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಗುಲಾಬಿ ಈರುಳ್ಳಿ ಬೆಳೆಗಾರರು ಈ ಗಾದೆಯ ಅರ್ಥವನ್ನು ಅನುಭವದಿಂದಲೇ ಕಲಿತಿದ್ದಾರೆ. ಸುಂಕದವನು ಕೇಳುವುದು ಕಾಗದವನ್ನು. ಆ ಕಾಗದ ಬಂದರಿನಲ್ಲಿ ಹುಟ್ಟುವುದಿಲ್ಲ, ನಮ್ಮ ಹೊಲದಲ್ಲೇ ಹುಟ್ಟಬೇಕು. ಇದೇ ಈ ಲೇಖನದ ಮುಖ್ಯ ಮಾತು.

ಗುಲಾಬಿ ಈರುಳ್ಳಿಯ ಗಡ್ಡೆ ಚಿಕ್ಕದು, ಬಣ್ಣ ಗಾಢ, ಖಾರ ಹೆಚ್ಚು. ನಮ್ಮ ಮನೆಗಳಲ್ಲಿ, ಹೋಟೆಲುಗಳಲ್ಲಿ ದಪ್ಪ ಈರುಳ್ಳಿಗೇ ಬೇಡಿಕೆ. ಗುಲಾಬಿ ಈರುಳ್ಳಿಯನ್ನು ಕೊಳ್ಳುವವರು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾ ದೇಶಗಳವರು. ಹೀಗಾಗಿ ಬಂದರಿನ ಬಾಗಿಲು ಮುಚ್ಚಿದರೆ ಈ ಬೆಳೆಗಾರನಿಗೆ ತಿರುಗಲು ಬೇರೆ ಸಂತೆಯಿಲ್ಲ.

ನಡೆದದ್ದನ್ನು ನೋಡೋಣ. 2019ರ ಸೆಪ್ಟೆಂಬರ್ 29ರಂದು ಈರುಳ್ಳಿ ರಫ್ತು ನಿಷೇಧವಾಯಿತು. ಗುಲಾಬಿ ಈರುಳ್ಳಿಗೆ 9,000 ಟನ್ನಿನ ಅನುಮತಿ ಸಿಕ್ಕಿದ್ದು ಅಕ್ಟೋಬರ್ 28ರಂದು. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. 10,000 ಟನ್ನಿಗೆ ಅನುಮತಿ ಬಂದದ್ದು ಅಕ್ಟೋಬರ್ 9ರಂದು. ಎರಡು ಸಲವೂ ಚೆನ್ನೈ ಬಂದರಿನಿಂದ ಮಾತ್ರ ಸಾಗಿಸಬಹುದಿತ್ತು. 2023ರ ಆಗಸ್ಟ್ 19ರಂದು ಈರುಳ್ಳಿ ಮೇಲೆ ಶೇಕಡಾ 40ರ ರಫ್ತು ಸುಂಕ ಬಿತ್ತು. ಅಂದರೆ 1 ಲಕ್ಷ ರೂಪಾಯಿ ಮಾಲಿಗೆ 40 ಸಾವಿರ ಸುಂಕ. ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂದದ್ದು ಸೆಪ್ಟೆಂಬರ್ 29ರಂದು, 41 ದಿನಗಳ ನಂತರ. 2024ರ ಮೇ ತಿಂಗಳಿನಲ್ಲಿಯೂ ಇದೇ ಕತೆ: ಮೊದಲು ಸುಂಕ, 29ರಂದು ವಿನಾಯಿತಿ.

ಪ್ರತಿಸಲವೂ ವಿನಾಯಿತಿ ಬಂದಿದೆ. ಪ್ರತಿಸಲವೂ ತಡವಾಗಿ ಬಂದಿದೆ. ಕಿತ್ತ ಗಡ್ಡೆ ಸರ್ಕಾರದ ಆದೇಶಕ್ಕೆ ಕಾದು ಕುಳಿತುಕೊಳ್ಳುವುದಿಲ್ಲ. ಮೊಳಕೆ ಬರುತ್ತದೆ, ಕೊಳೆಯುತ್ತದೆ. ದೇಶದ ಗ್ರಾಹಕರಿಗೆ ಈರುಳ್ಳಿ ಅಗ್ಗವಾಗಲೆಂದು ಮಾಡಿದ ಕಟ್ಟಳೆ, ಆ ಗ್ರಾಹಕರು ಕೊಳ್ಳದ ಈರುಳ್ಳಿಗೂ ಅನ್ವಯವಾದರೆ ಯಾರಿಗೆ ಲಾಭ? ಕೊನೆಗೆ ಕೊಡುವ ವಿನಾಯಿತಿಯನ್ನು ಮೊದಲ ಆದೇಶದಲ್ಲಿಯೇ ಬರೆಯಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದರೆ ಅಧಿಕಾರಿಗಳಿಗೂ ಒಂದು ಶಂಕೆಯಿದೆ. ಗುಲಾಬಿ ಈರುಳ್ಳಿಯ ಹೆಸರಿನಲ್ಲಿ ಬೇರೆ ಈರುಳ್ಳಿ ಹಡಗು ಹತ್ತಿದರೆ? ಈ ಶಂಕೆ ನಿರಾಧಾರವಲ್ಲ. ಅದಕ್ಕಾಗಿಯೇ ವಿನಾಯಿತಿಗೆ ಒಂದು ಷರತ್ತು ಹಾಕಿದ್ದರು: ಮಾಲು ಗುಲಾಬಿ ಈರುಳ್ಳಿಯೇ ಹೌದು, ಪ್ರಮಾಣ ಇಷ್ಟು ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕು. ಕಸ್ಟಮ್ಸ್‌ನವರು ಪ್ರತಿಯೊಂದು ಸರಕನ್ನೂ 8 ಅಂಕಿಗಳ ಸಂಖ್ಯೆಯಿಂದ ಗುರುತಿಸುತ್ತಾರೆ. ಗುಲಾಬಿ ಈರುಳ್ಳಿಗೆ ತನ್ನದೇ ಸಂಖ್ಯೆಯಿದೆ. ರಫ್ತುದಾರ ಷಿಪ್ಪಿಂಗ್ ಬಿಲ್ಲಿನಲ್ಲಿ ಬರೆದ ಸಂಖ್ಯೆ, ತೂಕ, ಬೆಲೆ ಇವು ಚೀಲದೊಳಗಿನ ಮಾಲಿಗೆ ಹೊಂದದಿದ್ದರೆ 1962ರ ಕಸ್ಟಮ್ಸ್ ಕಾಯಿದೆಯಂತೆ ಮಾಲು ಮುಟ್ಟುಗೋಲಾಗಬಹುದು, ದಂಡವೂ ಬೀಳಬಹುದು. ಒಬ್ಬ ದಲ್ಲಾಳಿ ಹತ್ತು ಚೀಲ ಕಲಬೆರಕೆ ಮಾಡಿದರೆ ಇಡೀ ಪ್ರದೇಶದ ಹೆಸರು ಕೆಡುತ್ತದೆ. ಮುಂದಿನ ಸಲ ವಿನಾಯಿತಿ ಕೇಳಲು ನಮಗೆ ಬಾಯಿ ಇರುವುದಿಲ್ಲ.

ಆದ್ದರಿಂದ ರೈತ ಬಾಂಧವರು ಮಾಡಬೇಕಾದ ಕೆಲಸಗಳು ಕೆಲವಿವೆ. ಬೆಳೆ ಸಮೀಕ್ಷೆಯಲ್ಲಿ, ಪಹಣಿಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಬಿತ್ತಿದ ದಿನ, ಕಿತ್ತ ದಿನ, ಮಾರಿದ ಚೀಲ, ಕೊಂಡವರ ಹೆಸರು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಾರಿದಾಗ ಬಿಳಿ ಚೀಟಿಗೆ ಒಪ್ಪದೆ ರಶೀದಿ ಕೇಳಿ. ಬೇರೆ ತಳಿಯ ಗಡ್ಡೆಯನ್ನು ಒಂದೇ ರಾಶಿಗೆ ಸೇರಿಸಬೇಡಿ. ಗಡ್ಡೆಯನ್ನು ಚೆನ್ನಾಗಿ ಒಣಗಿಸಿ, ಮಣ್ಣು ಉದುರಿಸಿ ತುಂಬಿ. ಮಣ್ಣು, ಹುಳು ಕಂಡರೆ ಸಸ್ಯ ಆರೋಗ್ಯ ಪ್ರಮಾಣಪತ್ರಕ್ಕೆ ತೊಡಕು ಬರುತ್ತದೆ.

ರೈತ ಉತ್ಪಾದಕ ಕಂಪನಿಗಳು ತಾವೇ ರಫ್ತಿಗೆ ಇಳಿಯಬಹುದು. ಅದಕ್ಕೆ ಮೊದಲು ಬೇಕಾದದ್ದು ಐ.ಇ.ಸಿ. ಎಂಬ ಆಮದು-ರಫ್ತು ಸಂಖ್ಯೆ. ಶುಲ್ಕ 500 ರೂಪಾಯಿ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದರ ವಿವರಗಳನ್ನು ದೃಢಪಡಿಸಬೇಕು. ಇದನ್ನು ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಮಾಲು ಸಿದ್ಧವಾದಾಗ ಪರದಾಡಬೇಕಾಗುತ್ತದೆ.

ಸರ್ಕಾರದ ಕಡೆಯಿಂದಲೂ ಒಂದು ಅನುಕೂಲ ಆಗಬೇಕು. ಪ್ರಮಾಣಪತ್ರಕ್ಕೆ ಬೇಕಾದ ಪರಿಶೀಲನೆ ತಾಲ್ಲೂಕು ಮಟ್ಟದಲ್ಲಿಯೇ, ಕೊಯ್ಲಿಗೆ ಮುಂಚೆಯೇ ನಡೆಯಬೇಕು. ಎಷ್ಟು ಎಕರೆ, ಎಷ್ಟು ಟನ್ನು ಎಂಬ ಲೆಕ್ಕ ಇಲಾಖೆಯ ಕೈಯಲ್ಲಿ ಸಿದ್ಧವಾಗಿದ್ದರೆ ವಿನಾಯಿತಿಗೆ 41 ದಿನ ಕಾಯಬೇಕಾಗಿಲ್ಲ.

2025ರ ಏಪ್ರಿಲ್ 1ರಿಂದ ಈರುಳ್ಳಿಯ ರಫ್ತು ಸುಂಕವನ್ನು ತೆಗೆದುಹಾಕಿದರು. ಅದರಿಂದ ನಾವು ಮೈಮರೆಯಬಾರದು. ಬೆಲೆ ಏರಿದ ವರ್ಷ ಕಟ್ಟಳೆ ಮತ್ತೆ ಬರಬಹುದು ಎಂಬುದನ್ನು 2019ರಿಂದ ಕಂಡಿದ್ದೇವೆ. ಮಳೆಗೆ ಮುಂಚೆ ಬದು ಕಟ್ಟುವ ರೈತ, ಸುಂಕಕ್ಕೆ ಮುಂಚೆ ಲೆಕ್ಕದ ಪುಸ್ತಕ ಕಟ್ಟಲಿ.