ಬನ್ನಿಯೂ ಫಾರ್ವರ್ಡ್ ಆಯಿತು
ದಸರೆ ಮುಗಿದ ಈ ವಾರ ನರಗುಂದದಲ್ಲಿ ಫೋನು ತೆರೆದರೆ ಬನ್ನಿ ಎಲೆಯ ಚಿತ್ರಗಳ ರಾಶಿ; ಪಕ್ಕದ ಓಣಿಯವರದೂ ಅದರಲ್ಲೇ. ಪುಣೆಯಲ್ಲಿರುವ ಮಗಳು ವಿಡಿಯೊ ಕಾಲಿನಲ್ಲಿ ಬನ್ನಿ ತೋರಿಸಿದರೆ ನನಗೆ ತಕರಾರಿಲ್ಲ, ದೂರಕ್ಕೆ ಅದೇ ಗತಿ. ತಕರಾರಿರುವುದು ಓಣಿಯ ಬಗ್ಗೆ. ವಿಜಯದಶಮಿಯ ಸಂಜೆ ನಮ್ಮ ಕಡೆ ಕಿರಿಯರು ಹಿರಿಯರ ಮನೆಗೇ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟಬೇಕು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನಬೇಕು. ಎರೆಹೊಲದ ಬದುವಿನ ಜಗಳಕ್ಕೆ ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಅದೊಂದು ನೆವ: ತಪ್ಪು ಯಾರದೆಂಬ ಪಂಚಾಯಿತಿಯಿಲ್ಲದೆ, ಸೋತೆನೆಂಬ ಅವಮಾನವಿಲ್ಲದೆ ಹೊಸ್ತಿಲು ದಾಟಬಹುದು. ಬಂದವನಿಗೆ ಬಾಗಿಲು ಹಾಕುವಂತಿಲ್ಲ, ಊರು ನೋಡುತ್ತಿರುತ್ತದೆ. ವಾಟ್ಸ್‌ಆ್ಯಪ್‌ಗೆ ಆ ಊರಗಣ್ಣಿಲ್ಲ. 2014ರಲ್ಲಿ ಅದು ನೀಲಿ ಗೀಟು ಕೊಟ್ಟು, ‘ಓದಿಯೂ ಉತ್ತರಿಸಲಿಲ್ಲ’ ಎಂಬ ಹೊಸ ಮುನಿಸನ್ನು ಮನೆಮನೆಗೆ ಹಂಚಿತು. 2018ರಲ್ಲಿ ವದಂತಿ ತಡೆಯಲೆಂದು ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದು ಚಾಟ್‌ಗೆ ಸೀಮಿತಗೊಳಿಸಿತು. ಆ ಐದರಲ್ಲಿ ಬ್ಲಾಕ್ ಮಾಡಿದ ತಮ್ಮನನ್ನು ಯಾರು ಆರಿಸುತ್ತಾರೆ? ಮನೆತನದ ಗ್ರೂಪಿಗೆ ಹಾಕಿದರೆ ಇಬ್ಬರೂ ನೋಡುತ್ತಾರಲ್ಲ ಅನ್ನಬಹುದು. ನೋಡುತ್ತಾರೆ, ಇಬ್ಬರೂ ಕೈಮುಗಿದ ಇಮೋಜಿ ಹಾಕುತ್ತಾರೆ, ಒಬ್ಬರಿಗೊಬ್ಬರಲ್ಲ, ಗ್ರೂಪಿಗೆ.