ಹೆಸರು ಬದಲಿಸಿದರೆ ಬೋರ್ಡು ಹಾಕಿ

ಲಿನಕ್ಸ್ ಅಪ್‌ಗ್ರೇಡ್ ಮಾಡುವಾಗ ಏನಾದರೂ ಕೈಕೊಟ್ಟರೆ ನಮ್ಮಲ್ಲಿ ಸಿಗುವ ಸಲಹೆ ಒಂದೇ: "ಫಾರ್ಮ್ಯಾಟ್ ಮಾಡಿ ಹೊಸದು ಹಾಕು ಮಾರಾಯ." ಇದು ನಮಗೆ ಒಪ್ಪಿಗೆಯಿಲ್ಲ. ಹಳೆಯದರಿಂದ ಹೊಸದಕ್ಕೆ ಹೋಗಲು ದಾರಿ ಉಂಟು. ಅದರಲ್ಲಿ ನಡೆಯುವುದನ್ನೂ, ಇನ್ನೊಬ್ಬರಿಗೆ ಅದನ್ನು ಹಾಕಿಕೊಡುವುದನ್ನೂ ಎಂಜಿನಿಯರ್ ಆಗುವವರು ಕಲಿಯಬೇಕು.

ಕನ್ನಡದ್ದೇ ಉದಾಹರಣೆ ನೋಡಿ. ಡೆಬಿಯನ್‌ನಲ್ಲಿ ಕನ್ನಡ ಫಾಂಟುಗಳ ಪ್ಯಾಕೇಜಿಗೆ ಮೊದಲು 'ಟಿಟಿಎಫ್-ಕನ್ನಡ-ಫಾಂಟ್ಸ್' ಅಂತ ಹೆಸರಿತ್ತು. ಆಮೇಲೆ ಅದು 'ಫಾಂಟ್ಸ್-ಕೆಎನ್‌ಡಿಎ' ಆಯ್ತು. ಗುಬ್ಬಿ, ನವಿಲು ಫಾಂಟುಗಳು ನಮಗೆ ಬರುವುದು ಇದರ ಮೂಲಕವೇ. ಹಳೆ ಹೆಸರನ್ನು ಸುಮ್ಮನೆ ಅಳಿಸಿದ್ದರೆ ಏನಾಗುತ್ತಿತ್ತು? ಎರಡೂ ಒಂದೇ ಎಂದು ಪ್ಯಾಕೇಜ್ ಮ್ಯಾನೇಜರ್‌ಗೆ ತನ್ನಿಂದ ತಾನೇ ಗೊತ್ತಾಗುವುದಿಲ್ಲ. ಹಳೆ ಫಾಂಟು ತಿದ್ದುಪಡಿಯಿಲ್ಲದೆ ಅಲ್ಲೇ ಉಳಿಯುತ್ತಿತ್ತು. ಅದಕ್ಕೇ ಹಳೆ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜು ಇಟ್ಟರು. ಅದರೊಳಗೆ ಫಾಂಟಿಲ್ಲ, 'ನನಗೆ ಹೊಸ ಪ್ಯಾಕೇಜು ಬೇಕು' ಎಂಬ ಅವಲಂಬನೆ ಮಾತ್ರ. ಅಂಗಡಿ ಉರ್ವ ಮಾರ್ಕೆಟಿನಿಂದ ಉರ್ವಸ್ಟೋರಿಗೆ ಹೋದರೆ ಹಳೆ ಬಾಗಿಲಿಗೆ ಬೋರ್ಡು ಹಾಕುತ್ತಾರಲ್ಲ, ಹಾಗೆ.

ಈ ಬೋರ್ಡು ಶಾಶ್ವತ ಅಲ್ಲ, ಕೆಲವು ಆವೃತ್ತಿ ಕಳೆದ ಮೇಲೆ ತೆಗೆಯುತ್ತಾರೆ. ಡೆಬಿಯನ್ 11ರಿಂದ ನೇರ 13ಕ್ಕೆ ಹಾರಬೇಡಿ, 12ರ ಮೂಲಕವೇ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಬೋರ್ಡೇ ಇಲ್ಲದೆ ಹೋಗುವ ಪ್ಯಾಕೇಜುಗಳೂ ಇವೆ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಅದು ಇಲ್ಲ. ಆದರೆ ಅಪ್‌ಗ್ರೇಡ್ ಮಾಡಿದ ಲ್ಯಾಪ್‌ಟಾಪಿನಲ್ಲಿ ಹಳೆಯದು ಹಾಗೇ ಕೂತಿರಬಹುದು. ಓಡ್ತದಲ್ಲ ಅಂತ ಬಿಡಬೇಡಿ, ಅದಕ್ಕೆ ಡೆಬಿಯನ್‌ನಿಂದ ಭದ್ರತಾ ತಿದ್ದುಪಡಿ ಇನ್ನು ಬರುವುದಿಲ್ಲ. ಆಪ್ಟಿಟ್ಯೂಡ್ ತೆರೆದರೆ ಇಂಥವುಗಳದ್ದೇ ಒಂದು ಪಟ್ಟಿ ಸಿಗುತ್ತದೆ. ನಾವೇ ಕೈಯಾರೆ ಹಾಕಿಕೊಂಡ ಪ್ಯಾಕೇಜುಗಳೂ ಅದೇ ಪಟ್ಟಿಯಲ್ಲಿ ಇರುತ್ತವೆ. ಓದಿ ನೋಡಿ, ಆಮೇಲೆ ಅಳಿಸಿ.

ಈಗ ನಮ್ಮ ಪ್ರಾಜೆಕ್ಟುಗಳಿಗೆ ಬನ್ನಿ. ಫಂಕ್ಷನ್ನಿನ ಹೆಸರು ಬದಲಿಸುತ್ತೇವೆ, ಲೈಬ್ರರಿ ಬದಲಿಸುತ್ತೇವೆ, ಎಲ್ಲೂ ಬರೆದಿಡುವುದಿಲ್ಲ. ಮುಂದಿನ ವರ್ಷ ಜೂನಿಯರ್ ಅದನ್ನು ಓಡಿಸಲಾಗದೆ ಮೊದಲಿನಿಂದ ಶುರು ಮಾಡುತ್ತಾನೆ. ಹಳೆ ಹೆಸರನ್ನು ಒಂದು ವರ್ಷ ಎಚ್ಚರಿಕೆಯ ಜೊತೆ ಉಳಿಸಿ, ರೀಡ್‌ಮಿಯಲ್ಲಿ 'ಇದರ ಬದಲು ಅದು' ಎಂದು ಬರೆದರೆ ಹೋಗುವುದು ಹತ್ತು ನಿಮಿಷ.

ತುಳು ಭವನ ಇರುವ ಉರ್ವಸ್ಟೋರಿನಲ್ಲಿ ಓಡಾಡುವ ನಮಗೆ ಇನ್ನೊಂದು ಕೆಲಸವೂ ಕಾದಿದೆ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯುನಿಕೋಡ್ 16ಕ್ಕೆ ಸೇರಿತು. ಬೇರೆ ಲಿಪಿಯ ಸಂಕೇತಗಳ ಮೇಲೆ ತುಳು ಅಕ್ಷರ ಕೂರಿಸಿದ ಫಾಂಟಿನಲ್ಲಿ ಬರೆದಿಟ್ಟ ಕಡತಗಳು ಹೊಸ ಫಾಂಟು ಹಾಕಿದ ಕೂಡಲೇ ಸರಿಹೋಗುವುದಿಲ್ಲ. ಅವಕ್ಕೆ ಪರಿವರ್ತಕ ಬೇಕು, ಹಳೆಯದರಿಂದ ಹೊಸದಕ್ಕೆ ದಾರಿ ಬೇಕು. ಆ ದಾರಿ ಹಾಕುವವರು ನಮ್ಮಲ್ಲೇ ಯಾಕಾಗಬಾರದು?