ನಮ್ಮ ರಾಕೆಟ್ಟಿಗೆ ತಗಡೇ ಬೇಕು

ಸ್ಕೇಲ್ ಮಾಡೆಲ್ ಹುಚ್ಚು ಹತ್ತಿದವರಿಗೆಲ್ಲ ಜಪಾನಿನ ತಮಿಯಾ ಗೊತ್ತಿರುತ್ತೆ. 1:35 ಅಳತೆಯ ಟ್ಯಾಂಕು, ಮದ್ದುಗುಂಡಿನ ಪೆಟ್ಟಿಗೆ... ನಾನೂ ಅಂಟಿಸಿ ಬಣ್ಣ ಬಳಿದವನೇ. ಆದ್ರೆ ಮೈಸೂರು ರಾಕೆಟ್ಟನ್ನ ಕಿಟ್ಟಿಗೆ ಕಾಯದೆ ನಾವೇ ಮಾಡ್ಬೇಕು ಅಂತೀನಿ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟು ಸಿಕ್ಕವು. ಉದ್ದ 23ರಿಂದ 26 ಸೆಂಟಿಮೀಟರ್. 1:35ಕ್ಕೆ ಇಳಿಸಿದ್ರೆ ಬರೀ 7 ಮಿಲಿಮೀಟರ್, ಎರಡು ಜೋಳದ ಕಾಳಿನಷ್ಟು! ಹಾಗಾಗಿ 1:5 ಸರಿ. ಐದು ಸೆಂಟಿಮೀಟರ್ ಕೊಳವೆ, ಬಿದಿರಿನ ಬದಲು ಊದಿನಕಡ್ಡಿಯ ಕಡ್ಡಿ.

ಕೊಳವೆ ಮಾತ್ರ ತಗಡಿಂದೇ ಆಗ್ಬೇಕು, ಪ್ಲಾಸ್ಟಿಕ್ ಬೇಡ. ಯುರೋಪಿನವರು ಕಾಗದದ ಕೊಳವೆ ಬಳಸ್ತಿದ್ದಾಗ ಇಲ್ಲಿ ಕಬ್ಬಿಣದ್ದಿತ್ತು. ಹೆಚ್ಚು ಒತ್ತಡ ತಡೀತಿತ್ತು, ದೂರ ಹಾರ್ತಿತ್ತು. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ್ದೂ ಇದರ ಪ್ರೇರಣೆಯಿಂದಲೇ. ಪ್ಲಾಸ್ಟಿಕ್ಕಲ್ಲಿ ಮಾಡಿದ್ರೆ ಅಸಲು ಸಂಗತಿಯೇ ಕಾಣೋದಿಲ್ಲ.

ನಮ್ಮ ಮೆಣಸಗಿ ಕಡೆಯವರು ಕೇಳಬಹುದು, "1785ರಾಗ ನಮ್ಮ ನರಗುಂದಕ್ಕ ಮುತ್ತಿಗೆ ಹಾಕಿದ ಟಿಪ್ಪುನ ರಾಕೆಟ್ ನಮಗ್ಯಾಕ?" ಅಂತ. ಸುಲ್ತಾನನ ಲೆಕ್ಕ ಬೇರೆ ಮಾಡೋಣ. ಕೊಳವೆ ಬಡಿದವನು ಕಮ್ಮಾರ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡೋ ಹುಡುಗರಿಗೆ ಇದೇನು ಕಷ್ಟ? ಶಾಲೆಯ ವಿಜ್ಞಾನ ಮೇಳದಲ್ಲಿ ಥರ್ಮಾಕೋಲ್ ಜ್ವಾಲಾಮುಖಿ ಪಕ್ಕ ಇದೂ ಒಂದಿರಲಿ. ಮದ್ದು ಗಿದ್ದು ಮಾತ್ರ ತುಂಬಬ್ಯಾಡ್ರಪಾ!